ಕೆದಕಿ ತಂದ ಕಿವಿ

ಕಿವಿ ಮೇಸ್ತ್ರಿಗೆ ಸಿಟ್ಟು ಬರಲು ಕಾರಣವೇ ಬೇಕಿರಲಿಲ್ಲ. ಆ ವಾರ ಕಾರಣವೂ ಇತ್ತು. ಬಲಗಿವಿಯೊಳಗೆ ಇರುವೆಗಳ ಮೆರವಣಿಗೆ ಹೊರಟಂಥ ತುರಿಕೆ. ಅದೇನು ಸಾಮಾನ್ಯ ಕಿವಿಯೇ? ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಆ ಕಿವಿಗೆ ಆನಿಸಿಕೊಂಡರೆ ಸಾಕು, ಒಳಗೆ ಯಾವ ಬೇರಿಂಗು ಅಳುತ್ತಿದೆ, ಯಾವ ವಾಲ್ವು ಗೊಣಗುತ್ತಿದೆ ಎಂದು ಹೇಳಿಬಿಡುತ್ತಿದ್ದ. ಅಡ್ಡಹೆಸರು ಬಂದದ್ದೂ, ಮನೆಯ ಒಲೆ ಉರಿಯುತ್ತಿದ್ದದ್ದೂ ಅದರಿಂದಲೇ.

ಗ್ಯಾರೇಜಿನ ಬಾಗಿಲ ಮೇಲೆ ಅವನದೇ ಕೈಬರಹದ ಬೋರ್ಡು: "ಮನೆಯಲ್ಲಿ ಕೆದಕಿ ತಂದ ಗಾಡಿ ಮುಟ್ಟುವುದಿಲ್ಲ." ಹೋದ ತಿಂಗಳು ಒಬ್ಬ ಹೆಂಗಸು ತಲೆಪಿನ್ನಿನಿಂದ ಕಾರ್ಬೊರೇಟರ್ ಶುಚಿ ಮಾಡಲು ಹೋಗಿ, ಕೆಡಿಸಿ, ಸ್ಕೂಟರ್ ತಳ್ಳಿಕೊಂಡು ಬಂದಿದ್ದಳು. "ಪಿನ್ನು ಇರೋದು ಕೂದಲಿಗೆ, ಇಂಜಿನ್ನಿಗಲ್ಲ!" ಎಂದು ಇಡೀ ಬೀದಿ ಕೇಳುವ ಹಾಗೆ ಗುಡುಗಿ ವಾಪಸು ಕಳಿಸಿದ್ದ.

ಈಗ ಅದೇ ಮಹಾಪುರುಷ ತನ್ನ ಕಿವಿಗೆ ಮೊದಲು ಕಿರುಬೆರಳು, ಆಮೇಲೆ ಬೀಗದ ಕೈ, ಬೆಂಕಿಕಡ್ಡಿ, ಎಲ್ಲ ಮುಗಿದ ಮೇಲೆ...

"ರೀ, ಅದು ನನ್ನ ತಲೆಪಿನ್ನಲ್ವಾ?" ಎಂದಳು ಹೆಂಡತಿ.

"ನಿಂದಾದ್ರೆ ಏನೀಗ? ಸವೆದುಹೋಗುತ್ತಾ?"

"ಪಿನ್ನು ಸವೆಯಲ್ಲ, ಕಿವಿ ತೂತಾಗುತ್ತೆ. ಡಾಕ್ಟ್ರಿಗೆ ತೋರಿಸಿ."

"ಇದೆಲ್ಲ ನೀನು ತಂದ ಹೊಸ ಸೋಪಿನ ಕಾರುಬಾರು!"

"ಸೋಪು ಎರಡು ಕಿವಿಗೂ ಹಚ್ಕೊಂಡ್ರಿ. ಎಡಗಿವಿ ಯಾಕೆ ಸುಮ್ನಿದೆ?"

ಹಾಗಾದರೆ ದಿಂಬಿನದೇ ತಪ್ಪು ಎಂದು ದಿಂಬನ್ನು ಬೈದ. ಪಿನ್ನಿಗೆ ಹತ್ತಿ ಸುತ್ತಿ ಮತ್ತೆ ಒಳಗಿಳಿಸಿದ. ಆಹಾ, ಏನು ಸುಖ! ಹೊರಕ್ಕೆಳೆದರೆ ಪಿನ್ನು ಬೋಳು. ಹತ್ತಿ ಒಳಗೇ ಉಳಿದಿತ್ತು. ತೆಗೆಯಹೋದಷ್ಟೂ ಇನ್ನೂ ಒಳಕ್ಕೆ ಹೋಯಿತು.

ಮರುದಿನ ಒಂದು ಕಾರಿಗೆ ಸ್ಕ್ರೂಡ್ರೈವರ್ ಹಚ್ಚಿ ಕೇಳಿದರೆ ಇಂಜಿನ್ನು ಕಂಬಳಿ ಹೊದ್ದುಕೊಂಡು ಮಾತಾಡಿದಂತಿತ್ತು. ಅಂದಾಜಿನ ಮೇಲೆ, "ಬೇರಿಂಗ್ ಹೋಗಿದೆ" ಎಂದ. ಬಿಚ್ಚಿದರೆ ಬೇರಿಂಗು ಹೊಸ ಬಳೆಯ ಹಾಗೆ ಹೊಳೆಯಿತು. ಕಾರಿನವನು ಇವನ ಮುಖ ನೋಡಿದ. ಮೇಸ್ತ್ರಿ ಸ್ಕ್ರೂಡ್ರೈವರ್ ಕೆಳಗಿಟ್ಟ. ಈ ಕಿವಿ ಹೋದರೆ ಉಳಿಯುವುದೇನು? ಬರೀ ಸಿಟ್ಟು. (ಅದನ್ನು ನಂಬಿ ಯಾರು ಗಾಡಿ ಬಿಡುತ್ತಾರೆ?)

ಸಂಜೆ ಹೆಂಡತಿಯ ಹಿಂದೆ ಕುರಿಮರಿಯಂತೆ ಕಿವಿ ಡಾಕ್ಟರ ಬಳಿ ಹೋದ. ಡಾಕ್ಟರು ಮುಖದ ಮಾಸ್ಕು ಕೆಳಗಿಳಿಸಿದರು. ತಲೆಪಿನ್ನಿನ ಸ್ಕೂಟರಿನವಳು! ಮೇಸ್ತ್ರಿ ಹೊರಟೇಬಿಟ್ಟ, ಹೆಂಡತಿ ಅಂಗಿ ಹಿಡಿದೆಳೆದು ಕೂರಿಸಿದಳು.

"ಕಿವಿಗೆ ಏನು ಹಾಕಿದ್ರಿ?"

"ಏನೂ ಇಲ್ಲ."

ಹೆಂಡತಿ ಕೈಚೀಲದಿಂದ ಪಿನ್ನು ತೆಗೆದು ಮೇಜಿನ ಮೇಲಿಟ್ಟಳು.

ಡಾಕ್ಟರು ಅದನ್ನೊಮ್ಮೆ, ಇವನನ್ನೊಮ್ಮೆ ನೋಡಿದರು. "ಮನೇಲಿ ಕೆದಕಿ ತಂದ ಕಿವಿ ನಾನು ಮುಟ್ಟಲ್ಲ, ಮೇಸ್ತ್ರಿ."

"ಡಾಕ್ಟ್ರಮ್ಮ... ಹೊಟ್ಟೆಪಾಡು..." ಮೇಸ್ತ್ರಿ ಕೈಮುಗಿದ.

ಅಷ್ಟು ಸಾಕಾಯಿತು. ಚಿಮುಟದಿಂದ ಹತ್ತಿ ಹೊರಬಂತು. "ಒಳಗಿನ ಮೇಣ ಕೊಳೆ ಅಲ್ಲ, ಅದು ಕಿವಿಯ ಆಯಿಲ್ಲು. ಅದನ್ನೆಲ್ಲ ಕೆರೆದು ತೆಗೆದ್ರೆ ಒಣಗಿದ ಚರ್ಮ ತುರಿಸದೆ ಇನ್ನೇನು ಮಾಡುತ್ತೆ? ಈ ಡ್ರಾಪ್ಸ್ ಬಿಡಿ, ಬೆರಳೂ ಹಾಕ್ಬೇಡಿ. ಅಂದಹಾಗೆ, ಕಿವಿಗೆ ಆನಿಸ್ಕೊಳ್ಳೋ ಆ ಸ್ಕ್ರೂಡ್ರೈವರ್ ಹಿಡಿ ಒರೆಸ್ತೀರಾ?"

"ದಿನಾ ಒರೆಸ್ತೀನಿ. ಗ್ರೀಸ್ ಬಟ್ಟೇಲಿ."

"ತುರಿಕೆ ಶುರುವಾಗಿದ್ದೇ ಅಲ್ಲಿಂದ. ಈಗ ಕೇಳಿಸುತ್ತಾ, ಹೊರಗೆ ಬಂದು ಪರೀಕ್ಷೆ ಮಾಡಿ."

ಹೊರಗೆ ಅದೇ ಸ್ಕೂಟರ್. ಸ್ಟಾರ್ಟ್ ಮಾಡಿದರು. ಮೇಸ್ತ್ರಿಯ ಸೊಂಟದಲ್ಲಿ ಸದಾ ಇರುತ್ತಿದ್ದ ಸ್ಕ್ರೂಡ್ರೈವರನ್ನು ಎಳೆದು, ಹೆಂಡತಿ ಶುಭ್ರ ಕರವಸ್ತ್ರದಲ್ಲಿ ಅದರ ಹಿಡಿ ಒರೆಸಿ ಕೊಟ್ಟಳು. ಮೇಸ್ತ್ರಿ ಉಸಿರು ಬಿಗಿಹಿಡಿದು ಕಿವಿಗೊಟ್ಟ. ಒಳಗೆಲ್ಲೋ ಸಣ್ಣಗೆ ಒಂದು ಕಿರುಗುಟ್ಟುವಿಕೆ... ಕೇಳಿಸಿತು! ಕಣ್ಣು ತುಂಬಿ ಬಂತು. ಮರುಕ್ಷಣ ಅದೇ ಕಣ್ಣು ಕೆಂಪಾಯಿತು.

"ಇದರ ಇಂಜಿನ್ ಹೆಡ್ಡು ಬಿಚ್ಚಿದ್ದು ಯಾರು?"

"ನಾನೇ. ನೀವು ಮುಟ್ಟಲ್ಲ ಅಂದ್ರಲ್ಲ."

ಮೇಸ್ತ್ರಿ ಗುಡುಗಲು ಬಾಯಿ ತೆರೆದ. ಹೆಂಡತಿ ಪಿನ್ನನ್ನು ಎತ್ತಿ ಹಿಡಿದಳು. ಬಾಯಿ ಮುಚ್ಚಿತು. ಅದೇ ಹೊತ್ತಿಗೆ ಸ್ಕೂಟರೂ ಗೊಟಕ್ಕೆಂದು ನಿಂತಿತು.

ಬೀದಿಯುದ್ದಕ್ಕೂ ಅದನ್ನು ತಳ್ಳಿಕೊಂಡು ಬಂದ. ಗ್ಯಾರೇಜಿನ ಮುಂದೆ ಎದುರಂಗಡಿಯವನು ಕೂಗಿದ: "ಏನ್ ಮೇಸ್ತ್ರಿ, ಬೋರ್ಡು ಓದಿಲ್ವಾ?"

ಮೇಸ್ತ್ರಿಗೆ ಕೇಳಿಸಲಿಲ್ಲ. (ಚೆನ್ನಾಗಿಯೇ ಕೇಳಿಸಿತು.) ಬಲಗಿವಿ ಮತ್ತೆ ಜುಮುಜುಮು ಎನ್ನತೊಡಗಿತು. ಹಿಂದೆ ಹೆಂಡತಿಯ ಹೆಜ್ಜೆಸಪ್ಪಳವಿತ್ತು; ಎರಡೂ ಕೈಯಲ್ಲಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಂಡು ತನ್ನದೇ ಬೋರ್ಡಿನಡಿ ತಲೆತಗ್ಗಿಸಿ ಒಳಗೆ ಹೋದ.