ನಾಲ್ಕು ಕೆರೆಯ ಚಿಗಟ

ಬೆಳಿಗ್ಗೆ ಏಳಕ್ಕೆ ಭೀಮಶಿ ಎಳೆದ ಬಲೆಯಲ್ಲಿ ಮೀನಿಗಿಂತ ಮೊದಲು ಲೋಳೆ ಬಂತು. ಎಮ್ಮೆಯ ಜೊಲ್ಲಿನ ಹಾಗೆ ದಾರದಾರಕ್ಕೂ ಜೋತುಬಿದ್ದಿತ್ತು. ಬೆರಳಿಂದ ತೆಗೆದು ಬಿಸಿಲಿಗೆ ಹಿಡಿದ. ಒಳಗೆ ಸಾಸಿವೆಗಿಂತ ಸಣ್ಣ ಹುಳಗಳು, ಒಂದೊಂದಕ್ಕೂ ಸೂಜಿಯಂಥ ಬಾಲ. ಮೂರು ವರ್ಷದಿಂದ ಊರ ಕೆರೆಯನ್ನು ಗುತ್ತಿಗೆ ಹಿಡಿದು ಮೀನು ಸಾಕಿದವನು ಇಂಥದ್ದನ್ನು ಕಂಡೇ ಇರಲಿಲ್ಲ.

ದಂಡೆಯ ಮೇಲೆ ಚಹಾದಂಗಡಿ ಇಟ್ಟಿದ್ದ ಪಾಂಡಪ್ಪ ಊರವರ ತಾಪತ್ರಯವೆಲ್ಲ ತನ್ನದೇ ಎಂದು ತಿಳಿದವನು. ಗಿರಾಕಿಗಳನ್ನು ಬಿಟ್ಟು ಓಡಿಬಂದು ಫೋಟೋ ಹೊಡೆದ. ಜಮಖಂಡಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಸೌಂದರ್ಯಾ ಮೇಡಂಗೆ ಕಳಿಸಿದ. ಹತ್ತು ನಿಮಿಷದಲ್ಲಿ ಅವರ ಫೋನೇ ಬಂತು.

"ನೀರಚಿಗಟ ಇದ್ದಂಗ ಕಾಣತೈತ್ರಿ. ನಮ್ಮ ಕಡೀದಲ್ಲ, ಹೊರಗಿನ ಜಾತಿ. ಮೀನಮರಿ ತಿನ್ನೂ ಸಣ್ಣ ಹುಳಾನೆಲ್ಲಾ ಇದ ತಿಂದ ಮುಗಸತೈತಿ, ಮರಿ ಉಪವಾಸ ಸಾಯ್ತಾವ. ಸಂಜೀಕ ನಾನ ಬಂದು ನೋಡತೇನಿ."

ಚಿಗಟ ಎಂದದ್ದೇ ತಡ, ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಕುತ್ತಿಗೆ, ಬಗಲು ಕೆರೆದುಕೊಳ್ಳತೊಡಗಿದರು.

ಭೀಮಶಿ ಬಲೆ ತೊಳೆಯಲು ಬಿಸಿನೀರು ಕೇಳಿದ. ಪಾಂಡಪ್ಪ ಕೊಡಲಿಲ್ಲ. "ತೊಳದ್ರ ಪುರಾವೆ ಹೋಗತೈತಲೇ. ಹಂಗ ಇರಲಿ. ಬ್ಯಾರೆ ಕೆರ್ಯಾಗೂ ಬಂದೈತೇನು ನೋಡೂಣು, ನಡಿ."

ಪಾಂಡಪ್ಪ ಬೈಕ್ ಹೊಡೆದ. ಹಿಂದೆ ಭೀಮಶಿ, ತೊಡೆಯ ಮೇಲೆ ನೀರು ಸೋರುವ ಬಲೆ. ಹಿಪ್ಪರಗಿ ದಾರಿಯ ಕೆರೆ ಶಂಕರೆಪ್ಪನದು. ಅವನೆದುರಿಗೇ ಭೀಮಶಿ ಬಲೆ ಬೀಸಿ ಎಳೆದ. ಅದೇ ಲೋಳೆ, ಅದೇ ಬಾಲ. ಶಂಕರೆಪ್ಪ ಕೆಸರೆಂಬುದನ್ನೂ ನೋಡದೆ ಕುಂತುಬಿಟ್ಟ.

"ನಿನ್ನಿ ನಾನ ಬಲಿ ಹಾಕೇನಿ, ಏನೂ ಇರಲಿಲ್ಲೋ. ಒಂದ ದಿನದಾಗ ಹೆಂಗ ಬಂತು?"

"ಜಡ್ಡು ಹೇಳಿ ಕೇಳಿ ಬರತೈತೇನು?" ಎಂದ ಪಾಂಡಪ್ಪ, ಡಾಕ್ಟರನ ಗತ್ತಿನಲ್ಲಿ.

ಬನಹಟ್ಟಿ ಕಡೆಯ ಕೆರೆಗೆ ಹೋದರು. ಅಲ್ಲೂ ಇತ್ತು. ಮುಧೋಳ ದಾರಿಯ ಕೆರೆಯಲ್ಲೂ ಬಲೆ ಎಳೆದರೆ ಲೋಳೆ. ಹೋದಹೋದಲ್ಲಿ ಜನ ಬಾಯಿಗೆ ಕೈ ಹಚ್ಚಿ ನಿಂತರು. ಭೀಮಶಿಗೆ ಊಟ ಸೇರಲಿಲ್ಲ. ಒಂದು ಹರದಾರಿಗೊಂದು ಕೆರೆ ಕೈಬಿಟ್ಟು ಹೋಗುತ್ತಿದೆ ಎನಿಸಿ ಅವನ ದುಃಖ ಸಿಟ್ಟಾಗಿ ತಿರುಗಿತು.

"ಇದನ್ನ ತಂದ ಹಾಕಿದಾವ ಸಿಗಲಿ," ಎಂದ. "ಅವನ್ನ ಯಾವ ಕೆರೀ ದಂಡಿಗೂ ಕಾಲಿಡಾಕ ಬಿಡಬಾರದು."

ಸಂಜೆ ಪಾಂಡಪ್ಪನ ಅಂಗಡಿ ಮುಂದೆ ನಾಲ್ಕೂ ಊರಿನವರು ಸೇರಿದರು. ದಿನವಿಡೀ ಉಪವಾಸ ಬಿದ್ದು ಎಲ್ಲರ ಕೆರೆ ನೋಡಿ ಎಚ್ಚರಿಸಿದವನೆಂದು ಭೀಮಶಿಗೆ ಶಾಲು ಹೊದಿಸಿದರು. ಅವನಿಗೆ ನಾಚಿಕೆಯೂ ಆಯಿತು, ಒಂಚೂರು ಖುಷಿಯೂ ಆಯಿತು.

ಸೌಂದರ್ಯಾ ಮೇಡಂ ಲೋಳೆಯನ್ನು ಭೂತಗನ್ನಡಿಯಲ್ಲಿ ನೋಡಿ ತಲೆಯಾಡಿಸಿದರು. ಚಿಗಟ ಖರೆ.

"ಇದಕ್ಕ ರೆಕ್ಕಿ ಇಲ್ಲ ಕಾಲಿಲ್ಲ, ಕೆರಿಯಿಂದ ಕೆರಿಗಿ ಹೆಂಗ ಹೋಗತೈತ್ರಿ?" ಶಂಕರೆಪ್ಪ ಕೇಳಿದ.

"ಬಲ್ಯಾಗ್ರಿ. ಒಂದ ಕೆರ್ಯಾಗ ಹಾಕಿದ ಬಲಿ ತೊಳೀದ, ಒಣಗಸದ ಇನ್ನೊಂದರಾಗ ಹಾಕಿದ್ರ ಆತು, ಅಲ್ಲೇ ತತ್ತಿ ಬೀಳತಾವ. ನಿಮ್ಮ ನಾಕೂ ಕೆರಿಗಿ ಒಂದ ಹಸಿ ಬಲಿ ಬಿದ್ದಿರಬೇಕು."

ಶಾಲಿನೊಳಗೆ ಭೀಮಶಿ ಬೆವರಿದ. ಪಾಂಡಪ್ಪನತ್ತ ನೋಡಿದ. ಪಾಂಡಪ್ಪ ಒಲೆಯ ಕಡೆ ತಿರುಗಿ, ಆಗಲೇ ಉಕ್ಕಿ ಆರಿದ ಚಹಾವನ್ನು ಬಲು ಶ್ರದ್ಧೆಯಿಂದ ತಿರುವುತ್ತಿದ್ದ.

ಶಂಕರೆಪ್ಪ ಬಂದು ಭೀಮಶಿಯ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು.

"ಅಂವ ಯಾರಂತ ನೀನ ಹುಡಕಬೇಕೋ ತಮ್ಮಾ. ನಾಕೂ ಕೆರ್ಯಾಗ ಬಲಿ ಹಾಕಿ ನೋಡಿದಾವ ನಿನ್ನ ಬಿಟ್ರ ಮತ್ಯಾರದಾರ?"

ಮೇಡಂ ಭೂತಗನ್ನಡಿ ಕೆಳಗಿಟ್ಟು ಭೀಮಶಿಯ ಮುಖ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು.