ಅವ್ವನ ಮಗ್ಗ, ಕೇಂದ್ರದ ವೆಬ್‌ಸೈಟ್

ಕಲೆಯನ್ನು ಉದ್ಧಾರ ಮಾಡಲು ಹೊರಟವರ ಕೈಗೆ ಕಲೆ ಸಿಕ್ಕಾಗಲೆಲ್ಲ ಇಂಥವು ಆಗುತ್ತಲೇ ಇರುತ್ತವೆ. ನಾನು ನೋಡಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಸೇಲಂನಲ್ಲಿ. ಅಲ್ಲಿನ ಒಂದು ಸಮಕಾಲೀನ ಕಲಾಕೇಂದ್ರಕ್ಕೆ ಇಪ್ಪತ್ತೈದು ತುಂಬುತ್ತಿತ್ತು, ಬೆಳ್ಳಿಹಬ್ಬ. ಅದಕ್ಕೊಂದು ವೆಬ್‌ಸೈಟ್ ಮಾಡುವ ಕೆಲಸ ನನಗೆ ಬಿತ್ತು. ನಾನು ಎಂ.ಎಸ್ಸಿ. ಮುಗಿಸಿದ್ದೆ, ಸಮಿತಿಯವರು ಯಾರೂ ವೆಬ್‌ಸೈಟ್ ನೋಡಿರಲಿಲ್ಲ. ನನ್ನ ಅರ್ಹತೆ ಅಷ್ಟೇ.

ಮೊದಲ ಪುಟ

ಕೇಂದ್ರದ ಕಾರ್ಯದರ್ಶಿ ಜವಳಿ ವ್ಯಾಪಾರಿ; ಅಲ್ಲಿನ ಎಷ್ಟೋ ನೇಕಾರರ ಹಾಗೆ ಮನೆಮಾತು ಕನ್ನಡ. ಸಮಿತಿಯ ಎಲ್ಲರ ಫೋಟೋ ಮೊದಲ ಪುಟದಲ್ಲೇ ಬರಬೇಕೆಂದರು.

"ಸಾರ್, ಅಷ್ಟು ಫೋಟೋ ಹಾಕಿದ್ರೆ ಪುಟ ತೆರೆಯೋಕೆ ತುಂಬಾ ಹೊತ್ತಾಗ್ತೈತೆ."

"ಆಗ್ಲಿ ತಂಬಿ. ಕಲ್ಯಾಣ ಮಂಟಪದಾಗೆ ಊಟಕ್ಕೆ ಕಾಯಲ್ವಾ?"

ಹಾಕಿದೆ. ಮುಖಗಳು ಹಣೆಯಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಇಳಿಯತೊಡಗಿದವು. ಕಾರ್ಯದರ್ಶಿಯ ಹುಬ್ಬು ಬರುವಷ್ಟರಲ್ಲಿ ಫೋನ್ ಲೈನ್ ಕಡಿದುಹೋಯಿತು.

"ಪರವಾಯಿಲ್ಲ," ಎಂದರು. "ಅಣೆ ನೋಡಿದ್ರೇನೇ ನನ್ನ ಗುರುತು ಸಿಗ್ತೈತೆ."

ಸ್ಟುಡಿಯೋದವನು

ಕೇಂದ್ರದಲ್ಲಿ ನಿಂತು ನೋಡುವಂಥ ಕೃತಿ ಒಂದೇ ಇತ್ತು. ಹಿಂದಿನ ಕೋಣೆಯಲ್ಲಿ ಒಂದು ಮಗ್ಗ, ಅದರ ಮೇಲೆ ಅರ್ಧ ನೇಯ್ದ ಜರಿ ಅಂಚಿನ ಬಟ್ಟೆ. ಇಟ್ಟವರು ಹತ್ತಿರದ ಎಡಪ್ಪಾಡಿಯ ಹಿರಿಯ ಕಲಾವಿದರು, ನೇಕಾರರ ಮನೆಯವರು. ಅವರ ತಾಯಿ ಅದನ್ನು ನೇಯುತ್ತಿರುವಾಗಲೇ ತೀರಿಕೊಂಡಿದ್ದರು. ಮಗ ಒಂದೆಳೆಯನ್ನೂ ಸೇರಿಸದೆ ಮಗ್ಗವನ್ನು ಹಾಗೇ ತಂದಿಟ್ಟು 'ಅವ್ವ' ಎಂದು ಹೆಸರಿಟ್ಟಿದ್ದರು.

"ಮರಕ್ಕೆ ಗೆದ್ಲು ಇಡಿದೈತಪ್ಪ," ಎಂದರು ನನಗೆ. "ಬಿದ್ದೋಗೋ ಮುಂಚೆ ಒಂದು ಪಟ ತೆಗ್ಸು. ಅವ್ವ ಎಲ್ಲಿಗಂಟ ನೇಯ್ದವ್ಳೆ ಅಂತ ಕಾಣ್ಬೇಕು. ಅಷ್ಟೇ."

ಫೋಟೋ ಸ್ಟುಡಿಯೋದವನು ಬಂದ. ಕಾರ್ಯದರ್ಶಿ ನಿಂತು ತೆಗೆಸಿಕೊಂಡರು, ಕೂತು ತೆಗೆಸಿಕೊಂಡರು, ಫೋನ್ ಕಿವಿಗಿಟ್ಟು ತೆಗೆಸಿಕೊಂಡರು. ಮಗ್ಗದ ಬಳಿ ಹೋಗುವಷ್ಟರಲ್ಲಿ ರೋಲ್ ಮುಗಿದಿತ್ತು. ಇನ್ನೊಂದು ರೋಲ್ ಹಾಕು ಎಂದೆ.

ಅವನು ಮಗ್ಗವನ್ನು ಮೇಲಿಂದ ಕೆಳಗೆ ನೋಡಿದ. "ಕೆಲಸ ಇನ್ನೂ ಆಗಿಲ್ವಲ್ಲಣ್ಣಾ. ಮುಗೀಲಿ, ಬತ್ತೀನಿ."

ಕಲಾವಿದರು ನಕ್ಕರು. ಕಾರ್ಯದರ್ಶಿ ನಗಲಿಲ್ಲ. ನಾನು ಆಗಲೇ ಹೆದರಬೇಕಿತ್ತು.

ಬೀಗ

ಒಂದು ಕ್ಯಾಮೆರಾ ಎರವಲು ತಂದು ನಾನೇ ಹೋದೆ. ಹಿಂದಿನ ಕೋಣೆಗೆ ಬೀಗ.

"ಒಳಗೆ ವೇಲೆ ನಡೀತೈತೆ ತಂಬಿ," ಎಂದರು ಕಾರ್ಯದರ್ಶಿ. "ಅಬ್ಬಕ್ಕೆ ಎಲ್ಲಾ ಚೆಂದ ಇರ್ಬೇಕಲ್ಲ."

ವೇಲೆ ಅಂದರೆ ಕೆಲಸ; ಸುಣ್ಣ ಹೊಡೆಸುತ್ತಿದ್ದಾರೆ ಎಂದುಕೊಂಡು ವಾಪಸಾದೆ. ವಿಶ್ವವಿದ್ಯಾಲಯ ನನಗೆ ಕೊಟ್ಟಿದ್ದ ಬುದ್ಧಿ ಅಷ್ಟಕ್ಕೇ ಸಾಕಾಗಿತ್ತು.

ಉದ್ಘಾಟನೆ

ಮಾನಿಟರ್‌ಗೆ ಕುಂಕುಮ ಇಟ್ಟಿದ್ದರು, ಮೌಸ್‌ಗೆ ಮಲ್ಲಿಗೆ ಸುತ್ತಿದ್ದರು. ಒತ್ತಿ ಎಂದು ನಾನು ಹೇಳುವ ಮೊದಲೇ ಮುಖ್ಯ ಅತಿಥಿ ಮೌಸನ್ನು ಎತ್ತಿಕೊಂಡು ಪರದೆಗೆ ಆರತಿ ಎತ್ತಿದರು. ಅದೇ ಗಳಿಗೆಗೆ ಕರೆಂಟ್ ಹೋಯಿತು. ವೆಬ್‌ಸೈಟ್ ತೆರೆಯಿತೆಂದುಕೊಂಡು ಸಭೆ ಚಪ್ಪಾಳೆ ತಟ್ಟಿತು.

ಪೊನ್ನಾಡೈ

ಕರೆಂಟ್ ಬಂದ ಮೇಲೆ ಕಲಾವಿದರನ್ನು ವೇದಿಕೆಗೆ ಕರೆದು, ಪೊನ್ನಾಡೈ ಎಂದು ಜರಿ ಅಂಚಿನ ಬಟ್ಟೆಯೊಂದನ್ನು ಹೊದಿಸಿದರು. ಸನ್ಮಾನದ ಶಾಲಿಗೆ ಇಲ್ಲಿ ಅದೇ ಹೆಸರು. ಕಾರ್ಯದರ್ಶಿ ಅವರ ಕಿವಿಯ ಬಳಿ ಬಗ್ಗಿದರು. ಕಂಪ್ಯೂಟರ್ ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಅಬ್ಬದ ದಿನ ಅರ್ಧ ಕೆಲಸ ಇಟ್ಕೊಂಡಿರ್ಬಾರ್ದು ಅಂತ ಆಳಿಟ್ಟು ಮುಗಿಸ್ಬುಟ್ವಿ. ನಿಮ್ಮ ಬಟ್ಟೆ ನಿಮ್ಗೇ ಅಣ್ಣಾ."

ಸಭೆ ಮತ್ತೆ ಚಪ್ಪಾಳೆ ತಟ್ಟಿತು. ಮಗ್ಗದ ಪಟಕ್ಕೆಂದು ನಾನು ಬಿಟ್ಟಿದ್ದ ಪುಟ ಖಾಲಿಯೇ ಉಳಿಯಿತು.

ಕಲಾವಿದರು ಹೊದ್ದ ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡರು. ಬಟ್ಟೆಯ ಮೇಲೆ ಬೆರಳು ಆಡಿಸುತ್ತ ಕೂತರು, ಒಂದು ತುದಿಯಿಂದ ಇನ್ನೊಂದು ತುದಿಗೆ, ಮತ್ತೆ ವಾಪಸ್. ನಾನು ಅವರ ಪಕ್ಕಕ್ಕೆ ಹೋದೆ.

"ಏನ್ ನೋಡ್ತಿದೀರಣ್ಣಾ?"

"ಅವ್ವ ಎಲ್ಲಿ ನಿಂತ್ಲು ಅಂತ."

"ಗೊತ್ತಾಗ್ತೈತಾ?"

ಇನ್ನೊಮ್ಮೆ ಬೆರಳು ಆಡಿಸಿದರು.

"ಇಲ್ಲ ಕಣಪ್ಪ. ಒಳ್ಳೆ ನೇಕಾರನ್ನೇ ಇಡಿದವ್ರೆ."