ಕರಿ ಚೆಂಡಿನ ಕರಾರು

"ಬರೋ ಭಾನುವಾರ ನಿನ್ನ ತಮ್ಮನಿಗೆ ಪೂಲ್ ಮೇಜಿನ ಮೇಲೆ ಮಣ್ಣು ಮುಕ್ಕಿಸದಿದ್ರೆ ನನ್ನ ಹೆಸರು ಬದಲಾಯಿಸು!" ಎಂದು ನಮ್ಮ ದಸ್ತಾವೇಜು ಬರಹಗಾರರು ಊಟದ ಮೇಜು ಗುದ್ದಿ ಶಪಥ ಮಾಡಿದರು.

"ಗುದ್ದಬೇಡಿ, ಕೇಕ್ ಅಲ್ಲಾಡತ್ತೆ," ಎಂದಳು ಹೆಂಡತಿ, ತಲೆ ಎತ್ತದೆ.

ಶಪಥಕ್ಕೆ ಕಾರಣ ಒಂದು ಕೋಣೆ. ಆ ಮನೆಯಲ್ಲಿ ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಕೂರಬಹುದಾದ ಜಾಗ ಅದೊಂದೇ. "ಎರಡೇ ದಿನ ಭಾವ" ಎಂದು ಚೀಲ ಹಿಡಿದು ಬಂದ ಭಾವಮೈದುನ ಅದರೊಳಗೆ ಹೊಕ್ಕು ಏಳು ತಿಂಗಳಾಗಿತ್ತು! ಅಂದಿನಿಂದ ಬರಹಗಾರರ ಕಚೇರಿ ಊಟದ ಮೇಜಿಗೆ ಬಂತು. ಅಲ್ಲಿ ಆಗಲೇ ಹೆಂಡತಿಯ ಕೇಕ್ ವ್ಯಾಪಾರ ನಡೆಯುತ್ತಿತ್ತು. ಮೊನ್ನೆ ಒಂದು ಕ್ರಯಪತ್ರದ ಮೇಲೆ ಚಾಕಲೇಟ್ ಬೆರಳು ಮೂಡಿ, "ಈ ಹೆಬ್ಬೆಟ್ಟು ಯಾರದ್ದು ಸ್ವಾಮಿ?" ಎಂದು ಕಕ್ಷಿದಾರ ಹೌಹಾರಿದ್ದ.

ಕೊನೆಗೆ ಕ್ಲಬ್ಬಿನಲ್ಲಿ, ಕೋಲಿನಿಂದ ಚೆಂಡುಗಳನ್ನು ಮೇಜಿನಂಚಿನ ಪಾಕೆಟ್ಟಿಗೆ ತಳ್ಳುವ ಪೂಲ್ ಆಟದಲ್ಲೇ ತೀರ್ಮಾನ ಎಂದಾಯಿತು. ಬರಹಗಾರರು ಕರಾರು ಬರೆದು ಫ್ರಿಜ್ಜಿಗೆ ಅಂಟಿಸಿಯೇಬಿಟ್ಟರು: "ಕೊನೆಯ ಕರಿ ಚೆಂಡನ್ನು ನಿಯಮದಂತೆ ಪಾಕೆಟ್ಟಿಗೆ ಹಾಕಿದವರಿಗೆ ಕೋಣೆಯ ಸಂಪೂರ್ಣ ಹಕ್ಕು. ಕೈಲಾಗದವರು ಬದಲಿ ಆಟಗಾರರನ್ನು ಕಳಿಸಬಹುದು. ತಕರಾರು ಸಲ್ಲದು." ಇಪ್ಪತ್ತು ವರ್ಷದಲ್ಲಿ ಅವರ ಕರಾರಿನಲ್ಲಿ ಸೂಜಿ ತೂರುವಷ್ಟು ಸಂದೂ ಯಾರಿಗೂ ಸಿಕ್ಕಿರಲಿಲ್ಲ!

ಕರಾರೇನೋ ಗಟ್ಟಿ, ಹೊಡೆತವೇ ಟೊಳ್ಳು. ಅವರು ಕೋಲನ್ನು ಕಳ್ಳನ ಕುತ್ತಿಗೆ ಹಿಡಿದಂತೆ ಹಿಡಿದು, ಉಸಿರು ಕಟ್ಟಿ, ಫಟಾರನೆ ಬಾರಿಸುತ್ತಿದ್ದರು. ಬಣ್ಣದ ಚೆಂಡು ಹೆದರಿಯೇ ಒಳಗೆ ಬೀಳುತ್ತಿತ್ತು. ಆದರೆ ಒಳಗೆ ಬೀಳಲೇಬಾರದ ಬಿಳಿ ಚೆಂಡು ಮೇಜೆಲ್ಲ ಸುತ್ತಿ, ಕಂಡಕಂಡವರಿಗೆಲ್ಲ ಡಿಕ್ಕಿ ಹೊಡೆದು, ತಾನೂ ಒಂದು ಪಾಕೆಟ್ಟಿಗೆ ಹಾರಿಕೊಳ್ಳುತ್ತಿತ್ತು.

"ಭಾವ, ಆ ಬಿಳಿ ಚೆಂಡಿಗೂ ನಿಮ್ಮ ಸಹವಾಸ ಸಾಕಾಗಿದೆ," ಎಂದು ಭಾವಮೈದುನ ಕಿಸಿಯುತ್ತಿದ್ದ.

ಕ್ಲಬ್ಬಿನ ಯಜಮಾನ ಮದ್ದು ಹೇಳಿದ. "ಕೈ ಸಡಿಲ ಇರಲಿ, ಕೋಲು ನೆಟ್ಟಗೆ ಹೋಗಿ ನೆಟ್ಟಗೆ ಬರಲಿ. ಮನೇಲಿ ಖಾಲಿ ಬಾಟ್ಲಿ ಮಲಗಿಸಿ, ಅದರ ಬಾಯೊಳಗೆ ಕೋಲಾಡಿಸಿ. ಅಂಚು ಮುಟ್ಟಬಾರದು."

ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಬಾಟಲಿ ಮಲಗಿತು. ಬರಹಗಾರರು ಬಗ್ಗಿದರು. ಒಂದು, ಎರಡು, ಹತ್ತು! ಅಂಚು ಮುಟ್ಟಲಿಲ್ಲ! ಅಷ್ಟರಲ್ಲಿ ಭಾವಮೈದುನ ಆಕಳಿಸುತ್ತಾ ಬಂದ.

"ಏನ್ ಭಾವ, ಬಾಟ್ಲಿ ತೊಳೀತಿದೀರಾ?"

ಪಿತ್ತ ನೆತ್ತಿಗೇರಿತು. ಕೋಲನ್ನು ರೊಯ್ಯನೆ ಹಿಂದಕ್ಕೆಳೆದರು. ಹಿಂದೆ ಸ್ಟೂಲಿನ ಮೇಲೆ ಸಂಜೆ ಕಳಿಸಬೇಕಾದ ಮೂರಂತಸ್ತಿನ ಕೇಕ್ ಇತ್ತು. ಕೋಲಿನ ಬುಡ ಸೀದಾ ಎರಡನೇ ಅಂತಸ್ತಿಗೆ! ಗಾಬರಿಯಲ್ಲಿ ಮುಂದಕ್ಕೆ ತಳ್ಳಿದರೆ ಬಾಟಲಿ ಹಾರಿ ಗೋಡೆ ಗಡಿಯಾರಕ್ಕೆ ಬಡಿಯಿತು. ಗಡಿಯಾರ ಬಿದ್ದದ್ದು ಮೇಜಿನ ಮೇಲೆ ಊರಿದ್ದ ಬರಹಗಾರರ ಕೈಯ ಹೆಬ್ಬೆರಳಿನ ಮೇಲೆ.

ಹೆಂಡತಿ ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಬೆರಳಿಗೆ ಬಟ್ಟೆ ಸುತ್ತಿ, ಕೇಕಿಗೆ ಮತ್ತೆ ಹೂವು ಬಿಡಿಸಲು ಕ್ರೀಮ್ ಚೀಲ ಹಿಡಿದಳು. ಒಂದೇ ಹದದಲ್ಲಿ ಕೈ ಸಾಗಿತು, ಬೇಕಾದಲ್ಲಿ ನಿಂತಿತು. ಹೂವಿನ ಮೇಲೆ ಹೂವು ಅರಳಿತು.

"ಎಳೆದಾಡಿದ್ರೆ ಹೂವು ಹೋಗಿ ಮುದ್ದೆ ಆಗತ್ತೆ ರೀ," ಎಂದಳು.

ಬರಹಗಾರರ ತಲೆಯಲ್ಲಿ ದೀಪ ಹತ್ತಿತು. "ಲೇ! ನನ್ನ ಬದಲು ನೀನೇ ಆಡ್ತೀಯಾ!"

ಭಾನುವಾರ ಕ್ಲಬ್ಬಿನಲ್ಲಿ ಭಾವಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕ ಆಡ್ತಾಳಾ? ಆಡ್ಲಿ ಬಿಡಿ!"

ಅಕ್ಕ ಕೋಲನ್ನು ಕ್ರೀಮ್ ಚೀಲದಷ್ಟೇ ಹಗುರವಾಗಿ ಹಿಡಿದಳು. ಆತುರವಿಲ್ಲ, ಸದ್ದಿಲ್ಲ. ಮೊದಮೊದಲು ನಾಲ್ಕೈದು ಹೊಡೆತ ತಪ್ಪಿದವು. ಆಮೇಲೆ ಬಿಳಿ ಚೆಂಡು ಸಾಕಿದ ನಾಯಿಯ ಹಾಗೆ ಮುಂದಿನ ಚೆಂಡಿನ ಪಕ್ಕಕ್ಕೇ ಹೋಗಿ ನಿಲ್ಲತೊಡಗಿತು. ಭಾವಮೈದುನನ ನಗು ಮೂರನೇ ಚೆಂಡಿಗೆ ನಿಂತಿತು, ಐದನೆಯದಕ್ಕೆ ಬೆವರು ಶುರುವಾಯಿತು. ಕೊನೆಗೆ ಕರಿ ಚೆಂಡು ಪಾಕೆಟ್ಟಿನ ಬಾಯಲ್ಲಿತ್ತು, ಬಿಳಿಯದು ಅದರ ನೇರಕ್ಕೆ. ಸ್ವಲ್ಪ ಜೋರಾದರೆ ಎರಡೂ ಒಳಗೆ, ಆಟವೇ ಸೋತಂತೆ! ಬರಹಗಾರರು ಕಣ್ಣು ಮುಚ್ಚಿಕೊಂಡರು. ಟಕ್! ಕರಿ ಒಳಗೆ ಹೋಯಿತು, ಬಿಳಿ ಅದರ ಜಾಗದಲ್ಲೇ ಗಕ್ಕನೆ ನಿಂತಿತು.

"ಖಾಲಿ ಮಾಡಯ್ಯಾ ನನ್ನ ಕೋಣೆ!" ಬರಹಗಾರರು ಕುಣಿದರು.

"ನಿಮ್ಮ ಕೋಣೆನಾ?" ಹೆಂಡತಿ ಪರ್ಸಿನಿಂದ ಫ್ರಿಜ್ಜಿನ ಕಾಗದ ತೆಗೆದಳು. "'ಹಾಕಿದವರಿಗೆ' ಅಂತ ಬರೆದಿದೀರಿ. ಹಾಕಿದ್ದು ಯಾರು?"

ಬರಹಗಾರರು ಮೂರು ಸಲ ಓದಿದರು. ಬದಲಿ ಆಟಗಾರರು ಗೆದ್ದರೆ ಕೋಣೆ ಕಳಿಸಿದವರಿಗೆ ಎಂಬ ಮಾತು ಎಲ್ಲಿಯೂ ಇರಲಿಲ್ಲ.

ಈಗ ಕೋಣೆಯಲ್ಲಿ ಒವನ್ ಇದೆ, ಕೇಕ್ ಇದೆ, ಒಳಗಿನಿಂದ ಚಿಲಕವೂ ಇದೆ. ಹೊರಗೆ ಒಂದೇ ಸೋಫಾದ ಎರಡು ತುದಿಯಲ್ಲಿ ಭಾವ, ಭಾವಮೈದುನ.

"ಭಾವ, ಆ ಕರಾರು ಮುರಿಯೋಕೆ ಏನೂ ದಾರಿ ಇಲ್ವಾ?"

"ಇಲ್ಲ ಕಣೋ," ಎಂದರು ಬರಹಗಾರರು, ಸೊಂಟ ಹಿಡಿದುಕೊಂಡು ಪಕ್ಕಕ್ಕೆ ಸರಿಯುತ್ತಾ. "ಬರೆದವನು ಭಾರಿ ಬುದ್ಧಿವಂತ."